ಬೀಜ ಬಿಡುವ ಕೈ

ರಾಗಿ ಬಿತ್ತನೆಯಲ್ಲಿ ಎತ್ತು ಹೊಡೆಯುವುದು ಒಬ್ಬರ ಕೆಲಸ, ಎತ್ತು ಎಳೆಯುವ ಕೂರಿಗೆ ಎಂಬ ಬಿತ್ತುವ ಸಾಧನದ ಬಟ್ಟಲಿಗೆ ಬೀಜ ಬಿಡುವುದು ಇನ್ನೊಬ್ಬರ ಕೆಲಸ. ನಮ್ಮೂರಲ್ಲಿ ಬೀಜ ಬಿಡುವವರು ಹೆಂಗಸರು. ಚಿಕ್ಕನಾಯಕನಹಳ್ಳಿ ಕಡೆಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಆ ಕೆಲಸ ಅತ್ತೆಯದು. ಈಗ ಅವರಿಗೆ ಮಂಡಿ ನೋವು ಜಾಸ್ತಿಯಾಗಿದೆ. ಕೂರಿಗೆಯ ಹಿಂದೆ ಹೊಲ ಪೂರ್ತಿ ನಡೆಯಲು ಆಗುವುದಿಲ್ಲ. ಹಾಗಾಗಿ ಬೀಜದ ಮಡಿಲು ನನಗೆ ಬಂತು. ಕಲಿಯಲು ಒಂದು ಮಳೆಗಾಲ ಸಾಕಾಗಲಿಲ್ಲ.

ನಾನು ಸರ್ಕಾರಿ ಶಾಲೆಯಲ್ಲಿ ಟೀಚರ್. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ನನ್ನ ಕೋಣೆಯಲ್ಲಿ ಕೂರುತ್ತಾರೆ. ಟೀಚರಿಗೆ ಬಿತ್ತನೆಯ ಮಾತು ಹೊಸದಲ್ಲ ಬಿಡಿ. ಸೆಪ್ಟೆಂಬರ್ 5 ಬಂತೆಂದರೆ ವೇದಿಕೆ ಮೇಲೆ ಯಾರಾದರೂ ‘ಅಕ್ಷರದ ಬೀಜ ಬಿತ್ತುವವರು’ ಎಂದು ನಮ್ಮನ್ನು ಹೊಗಳುತ್ತಾರೆ. ಹೊಲದಲ್ಲಿ ನಿಜವಾಗಿ ಬೀಜ ಬಿಟ್ಟ ಮೇಲೆ ಆ ಮಾತು ನನಗೆ ಬೇರೆಯೇ ಕೇಳಿಸತೊಡಗಿತು.

ಬಿತ್ತನೆಯ ಕೆಲಸ ಹಿಂದಿನ ವರ್ಷದ ಕೊಯ್ಲಿನಲ್ಲೇ ಶುರುವಾಗುತ್ತದೆ. ಕೊಯ್ಯುವ ಆಳುಗಳು ಹೊಲಕ್ಕೆ ಇಳಿಯುವ ಮೊದಲು ಅತ್ತೆ ಒಂದು ಚೀಲ ಹಿಡಿದು ಒಬ್ಬರೇ ಹೋಗುತ್ತಾರೆ. ಹೊಲದ ಅಂಚಿನ ತೆನೆ ಮುಟ್ಟುವುದಿಲ್ಲ. ಅಲ್ಲಿ ಗಾಳಿ, ಬೆಳಕು, ಜಾಗ ಎಲ್ಲ ಜಾಸ್ತಿ ಸಿಕ್ಕಿರುತ್ತದೆ, ಅಲ್ಲಿನ ತೆನೆ ದಪ್ಪ ಆಗುವುದು ದೊಡ್ಡದಲ್ಲ ಎನ್ನುತ್ತಾರೆ. ಹೊಲದ ನಡುವೆ, ಎಲ್ಲದರ ಜೊತೆ ಪೈಪೋಟಿ ಮಾಡಿ ಬೆಳೆದ ಗಿಡ ಹುಡುಕುತ್ತಾರೆ. ಬೆರಳು ಒಳಕ್ಕೆ ಮಡಚಿ ಮುಷ್ಟಿ ಕಟ್ಟಿದ ತೆನೆ ಬೇಕು. ಕುತ್ತಿಗೆ ಕಪ್ಪಾಗಿರಬಾರದು, ಅದು ಬೆಂಕಿ ರೋಗ. ಹಾಗೆ ಆರಿಸಿದ ತೆನೆಯನ್ನು ಕಣದ ರಾಶಿಗೆ ಸೇರಿಸದೆ ಬೇರೆ ಒಣಗಿಸಿ, ಕೋಲಿನಲ್ಲಿ ಬಡಿದು, ತೂರಿ, ಬೂದಿ ಮತ್ತು ಲಕ್ಕಿ ಸೊಪ್ಪಿನ ಜೊತೆ ಮಡಕೆಯಲ್ಲಿ ಇಡುತ್ತಾರೆ. ಮನೆಯಲ್ಲಿ ಹಿಟ್ಟಿಗೆ ಎಷ್ಟೇ ಕಷ್ಟ ಬಂದರೂ ಆ ಮಡಕೆಗೆ ಕೈ ಹಾಕುವಂತಿಲ್ಲ.

ನಮ್ಮದು ಜಿಪಿಯು-28 ತಳಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ಬೆಂಕಿ ರೋಗ ತಡೆಯುತ್ತದೆ, ನಾಲ್ಕು ತಿಂಗಳ ಒಳಗೆ ಕೊಯ್ಲಿಗೆ ಬರುತ್ತದೆ. ರಾಗಿ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಹಾಗಾಗಿ ಮನೆಯಲ್ಲೇ ಉಳಿಸಿಕೊಂಡ ಬೀಜ ಕೆಲವು ವರ್ಷ ಗುಣ ಕೆಡದೆ ಬರುತ್ತದೆ. ಆಮೇಲೆ ರೈತ ಸಂಪರ್ಕ ಕೇಂದ್ರದಿಂದ ಹೊಸದಾಗಿ ತಂದರೆ ಸಾಕು.

ಆದರೆ ಅದೇ ಗುಣದಿಂದ ರಾಗಿಯಲ್ಲಿ ಹೊಸ ತಳಿ ಮಾಡುವುದು ಬಲು ಕಷ್ಟ. ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ರಾಗಿ ಮೊದಲು ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಸಾವಿರಾರು ವರ್ಷದ ಹಿಂದೆ ಬೇರೆಯಾದ ನೆಂಟರನ್ನು ಅವರು ಮತ್ತೆ ಒಂದೇ ಹೊಲಕ್ಕೆ ಕರೆತಂದರು. ಇಂಡಾಫ್ ಬಂದ ವರ್ಷಗಳನ್ನು ಮಾವ ಇವತ್ತಿಗೂ ನೆನೆಯುತ್ತಾರೆ. ಲಕ್ಷ್ಮಣಯ್ಯನವರನ್ನು ಜನ ರಾಗಿ ಬ್ರಹ್ಮ ಎಂದು ಕರೆದದ್ದು ಸುಮ್ನೆ ಅಲ್ಲ. ನಮ್ಮ ತಟ್ಟೆಯ ಮುದ್ದೆ ದೊಡ್ಡದಾಗಿದ್ದರಲ್ಲಿ ಅವರ ಪಾಲಿದೆ.

ಮೊಳಕೆ ಪರೀಕ್ಷೆಯನ್ನು ನಾನು ಶಾಲೆಗೆ ತೆಗೆದುಕೊಂಡು ಹೋದೆ. ನೂರು ಕಾಳು ಎಣಿಸಿ, ಒದ್ದೆ ಗೋಣಿ ತುಂಡಿನ ಮೇಲೆ ಸಾಲಾಗಿ ಇಟ್ಟು, ಸುತ್ತಿ, ದಿನಾ ನೀರು ಚಿಮುಕಿಸುವುದು. ಮಕ್ಕಳು ಎಣಿಸಿ ಎಣಿಸಿ ಜಗಳ ಆಡಿದರು. ಸಣ್ಣ ಕಾಳು, ಉಗುರಿಗೆ ಅಂಟಿಕೊಳ್ಳುತ್ತಿತ್ತು. ಬಿಚ್ಚಿ ನೋಡಿದಾಗ ಬಿಳೀ ಬೇರು ಬಂದಿದ್ದವು ಎಷ್ಟು, ಬರದೇ ಇದ್ದವು ಎಷ್ಟು ಎಂದು ಬೋರ್ಡಿನ ಮೇಲೆ ಬರೆದೆವು. ನೂರರಲ್ಲಿ ಎಪ್ಪತ್ತೈದು ಮೊಳೆತರೂ ಅದು ಬಿತ್ತನೆಗೆ ಯೋಗ್ಯವಾದ ಬೀಜ. ನಮ್ಮದು ಅದಕ್ಕಿಂತ ಚೆನ್ನಾಗಿಯೇ ಬಂತು. ‘ಬರದೇ ಇದ್ದದ್ದು ಸತ್ತೋಯ್ತಾ ಮಿಸ್?’ ಎಂದು ಒಬ್ಬಳು ಕೇಳಿದಳು. ನಾಳೆವರೆಗೂ ನೋಡೋಣ ಎಂದೆ. ಮಾರನೇ ದಿನ ಇನ್ನೂ ಕೆಲವು ಮೊಳೆತಿದ್ದವು. ಅವಳು ಬೋರ್ಡಿನ ಲೆಕ್ಕ ತಾನೇ ಅಳಿಸಿ ತಿದ್ದಿದಳು.

ಇನ್ನು ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಆ ಮಳೆಗೆ ನಾವು ಹೆಸರು, ಅಲಸಂದೆ ಹಾಕಿಕೊಳ್ಳುವುದುಂಟು. ರಾಗಿಗೆ ನಮ್ಮ ಕಡೆ ಪುನರ್ವಸು, ಪುಷ್ಯ ಮಳೆ. ಅಂದರೆ ಜುಲೈ. ಅಷ್ಟರೊಳಗೆ ಹೊಲ ಉತ್ತು, ತಿಪ್ಪೆ ಗೊಬ್ಬರ ಹರಡಿ, ಕುಂಟೆ ಹೊಡೆದು, ಹೆಂಟೆ ಒಡೆದು ಮಣ್ಣು ನಯ ಮಾಡಿರಬೇಕು. ರಾಗಿ ಕಾಳು ಇಷ್ಟೇ ಇಷ್ಟು. ದೊಡ್ಡ ಹೆಂಟೆಯ ಕೆಳಗೆ ಸಿಕ್ಕಿದರೆ ಮೇಲೆ ಬರುವ ಶಕ್ತಿ ಅದಕ್ಕಿಲ್ಲ. ಒಂದು ಇಂಚಿಗಿಂತ ಆಳಕ್ಕೆ ಬಿದ್ದರೂ ಕಷ್ಟ.

ಮಳೆ ಬಂದ ಮಾರನೇ ದಿನವೇ ಬಿತ್ತಲು ಆಗುವುದಿಲ್ಲ. ಹದ ಕಾಯಬೇಕು. ಮಾವ ಹೊಲದ ಮಧ್ಯಕ್ಕೆ ಹೋಗಿ, ಮೇಲಿನ ಮಣ್ಣು ಸರಿಸಿ, ಕೆಳಗಿನದನ್ನು ಒಂದು ಹಿಡಿ ತೆಗೆದು ಬಿಗಿಯಾಗಿ ಅದುಮುತ್ತಾರೆ. ಉಂಡೆಯಾಗುತ್ತದೆ. ಅದನ್ನು ಸೊಂಟದ ಎತ್ತರದಿಂದ ಕೆಳಗೆ ಬಿಡುತ್ತಾರೆ. ಬಿದ್ದು ಪುಡಿಯಾದರೆ ಹದ. ಹಾಗೇ ಉಂಡೆಯಾಗಿ ಕೂತರೆ ಇನ್ನೂ ಹಸಿ, ಕೂರಿಗೆಯ ಕೊಳವೆ ಕಟ್ಟಿಕೊಳ್ಳುತ್ತದೆ. ಅದುಮಿದಾಗ ಉಂಡೆಯೇ ಆಗದಿದ್ದರೆ ಹದ ಮೀರಿತು, ಇನ್ನೊಂದು ಮಳೆ ಕಾಯಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಈ ಹದ ಬಹಳ ಹೊತ್ತು ನಿಲ್ಲುವುದಿಲ್ಲ. ಬೆಳಗ್ಗೆ ಸರಿಯಿದ್ದದ್ದು ಬಿಸಿಲು ಗಾಳಿ ಜೋರಾದರೆ ನಾಳೆಗೆ ಆರಿಹೋಗುತ್ತದೆ. ಹಾಗಾಗಿ ಹದ ಬಂದ ದಿನ ಊರಿನ ಎಲ್ಲರ ಹೊಲದಲ್ಲೂ ಕೂರಿಗೆ. ಒಬ್ಬರ ಹೊಲಕ್ಕೆ ಒಬ್ಬರು ಬಂದು ದುಡಿಯುವ ಮುಯ್ಯಾಳು ಸಿಕ್ಕುವುದೇ ಕಷ್ಟ. ನಾನು ಶಾಲೆಗೆ ರಜೆ ಬರೆದು ಬಿತ್ತನೆಗೆ ಹೋಗುತ್ತೇನೆ. ಅದನ್ನು ಮುಂಚೆಯೇ ಹೇಳಿಡಲು ಬರುವುದಿಲ್ಲ. ಮಳೆಗೆ ನನ್ನ ರಜೆ ಪಟ್ಟಿ ಗೊತ್ತಿಲ್ಲ ಅಲ್ವಾ!

ಬೀಜವನ್ನು ಮೊದಲು ಉಪ್ಪು ನೀರಿಗೆ ಹಾಕುತ್ತೇವೆ. ಜೊಳ್ಳು ತೇಲುತ್ತದೆ, ತೆಗೆದುಬಿಡುವುದು. ಉಳಿದದ್ದನ್ನು ಚೆನ್ನಾಗಿ ತೊಳೆದು, ಒಳ್ಳೆಯ ನೀರಿನಲ್ಲಿ ಸುಮಾರು ಆರು ಗಂಟೆ ನೆನೆಸಿ, ಬಸಿದು, ನೆರಳಲ್ಲಿ ಆರಿಸುತ್ತೇವೆ. ಒಮ್ಮೆ ನೀರು ಕುಡಿದು ಒಣಗಿದ ಬೀಜ ನೆಲಕ್ಕೆ ಬಿದ್ದ ಮೇಲೆ ಬೇಗ ಏಳುತ್ತದೆ. ಸ್ವಲ್ಪ ಬಿಸಿಲನ್ನೂ ತಡೆಯುತ್ತದೆ.

ಈಗ ಕೈಯ ವಿಷಯಕ್ಕೆ ಬರುತ್ತೇನೆ. ಇದೇ ನನಗೆ ಮುಖ್ಯವಾದದ್ದು.

ನಮ್ಮ ಕೂರಿಗೆ ಆರು ತಾಳಿನದು. ಮರದ ದಿಂಡಿಗೆ ನೆಲ ಸೀಳುವ ಆರು ತಾಳು, ಒಂದೊಂದಕ್ಕೂ ಒಂದು ಬಿದಿರಿನ ಕೊಳವೆ. ಕೊಳವೆಗಳೆಲ್ಲ ಮೇಲೆ ಬಂದು ಒಂದು ಮರದ ಬಟ್ಟಲಿಗೆ ಸೇರುತ್ತವೆ. ಬಟ್ಟಲಿನ ತಳದಲ್ಲಿ ಸುತ್ತಲೂ ಆರು ತೂತು. ಬೀಜ ಬಿಡುವವರು ಮಡಿಲಲ್ಲಿ ಬೀಜ ಕಟ್ಟಿಕೊಂಡು ಕೂರಿಗೆ ಜೊತೆಗೇ ನಡೆಯಬೇಕು. ಮುಷ್ಟಿ ಬಟ್ಟಲಿನ ಸರೀ ಮಧ್ಯಕ್ಕೆ ಬರಬೇಕು. ಅತ್ತಿತ್ತ ವಾಲಿದರೆ ಒಂದು ಕಡೆಯ ಸಾಲು ಒತ್ತಾಗುತ್ತದೆ, ಇನ್ನೊಂದು ಕಡೆಯದು ಖಾಲಿ. ಹೆಬ್ಬೆರಳು ತೋರುಬೆರಳ ಮೇಲೆ ಸವರುತ್ತಲೇ ಇರಬೇಕು. ಬೀಜ ಬೆರಳ ಸಂದಿಯಿಂದ ನಿಲ್ಲದ ಹಾಗೆ ಜಾರಬೇಕು. ಎತ್ತು ಜೋರಾಗಿ ಹೆಜ್ಜೆ ಹಾಕಿದರೆ ಬೆರಳೂ ಜೋರು, ಎತ್ತು ನಿಂತರೆ ಬೆರಳೂ ತಕ್ಷಣ ನಿಲ್ಲಬೇಕು. ಕಾಲಿಗೆ ಮಣ್ಣು ಮೆತ್ತಿಕೊಳ್ಳುತ್ತಿರುತ್ತದೆ. ನೆಲ ಏರುಪೇರು. ಆದರೂ ಕೈ ಅಲುಗಬಾರದು.

ಅತ್ತೆ ನನ್ನನ್ನು ಮೊದಲು ಹೊಲಕ್ಕೆ ಕರೆದುಕೊಂಡು ಹೋಗಲೇ ಇಲ್ಲ. ಅಂಗಳದಲ್ಲಿ ಕಲಿಸಿದರು. ಒಂದು ಹಿಡಿ ರಾಗಿ ಕೈಗೆ ಕೊಟ್ಟು, ತುಳಸಿ ಕಟ್ಟೆಯಿಂದ ಕೊಟ್ಟಿಗೆ ಬಾಗಿಲವರೆಗೆ ಬಿಡುತ್ತಾ ನಡಿ ಎಂದರು. ಹೊಸಬರ ಕೈ ಯಾವಾಗಲೂ ಜಾಸ್ತಿ ಬಿಡುತ್ತದೆ. ನನ್ನ ಹಿಡಿ ಅರ್ಧ ಅಂಗಳಕ್ಕೇ ಮುಗಿಯಿತು.

‘ಯಾಕವ್ವ ಅಷ್ಟು ಬಿಡ್ತೀಯ?’ ಎಂದರು.

‘ಎಲ್ಲ ಹುಟ್ಟದೇ ಹೋದರೆ ಅಂತ, ಅತ್ತೆ.’

‘ಹುಟ್ತದೆ ಕಣವ್ವ. ಹೆದರ್ಕಂಡು ಬಿಟ್ರೆ ಒತ್ತಾಗ್ತದೆ. ಒತ್ತಾದ್ರೆ ಹುಲ್ಲು ಕುಯ್ತೀಯ, ರಾಗಿ ಅಲ್ಲ.’

ಅಡುಗೆಗೆ ಉಪ್ಪು ಉದುರಿಸುವಾಗ ಕೈಗೇ ಅಳತೆ ಗೊತ್ತಿರುತ್ತದಲ್ಲ, ಅವರ ಕೈಗೆ ಬೀಜದ ಅಳತೆ ಹಾಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಲೆಕ್ಕ. ಹಾಗಾಗಿ ಕೂತು ಲೆಕ್ಕ ಹಾಕಿದೆ. ಒಂದು ಕಿಲೋ ರಾಗಿಯಲ್ಲಿ ಹೆಚ್ಚುಕಡಿಮೆ 3 ಲಕ್ಷ ಕಾಳು ಇರುತ್ತವೆ. ಕೂರಿಗೆ ಬಿತ್ತನೆಗೆ ಎಕರೆಗೆ 4 ಕಿಲೋ ಬೀಜ. ಅಂದರೆ 12 ಲಕ್ಷ ಕಾಳು. ಸಾಲಿಂದ ಸಾಲಿಗೆ ಒಂದು ಅಡಿ, ಗಿಡದಿಂದ ಗಿಡಕ್ಕೆ ನಾಲ್ಕು ಇಂಚು ಬಿಟ್ಟರೆ ಒಂದು ಎಕರೆಗೆ ಬೇಕಾಗುವ ಗಿಡ ಸುಮಾರು 1 ಲಕ್ಷ 30 ಸಾವಿರ. ತೆಳುವಾಗಿ ಬಿಟ್ಟೆವು ಎಂದುಕೊಂಡಾಗಲೂ ನಾವು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಬಿಟ್ಟಿರುತ್ತೇವೆ! ಹಾವೇರಿ ಕಡೆಯ ಗುಳಿ ರಾಗಿಯವರನ್ನು ನೋಡಿ. ಒಂದೂವರೆ ಅಡಿಗೊಂದು ಗುಳಿ ಮಾಡಿ ಪೈರು ನಾಟಿ ಮಾಡುತ್ತಾರೆ. ಎಕರೆಗೆ ಅರ್ಧ ಕಿಲೋ ಬೀಜವೂ ಬೇಡ. ಆಮೇಲೆ ಆ ಎಳೆ ಪೈರಿನ ಮೇಲೆ ಮರದ ಕೊರಡು ಎಳೆಯುತ್ತಾರೆ. ಬಾಗಿದ ಪೈರು ಬುಡದಿಂದ ತೆಂಡೆ, ಅಂದರೆ ಹೊಸ ಕವಲು, ಒಡೆದು ಪೊದೆಯಾಗುತ್ತದೆ. ಖಾಲಿ ಜಾಗ ಕಂಡರೆ ರಾಗಿ ತಾನೇ ತುಂಬಿಕೊಳ್ಳುತ್ತದೆ. ಅದನ್ನು ನಂಬುವುದು ಕೈಗೆ ಬರಬೇಕು. ಲೆಕ್ಕ ಒಂದು ಸಂಜೆಗೆ ಬಂತು, ಕೈಗೆ ಬರಲು ವರ್ಷಗಳೇ ಹಿಡಿದವು.

ಕೈ ಹಿಡಿತಕ್ಕೆ ಬರುವವರೆಗೂ ಬೀಜಕ್ಕೆ ಸಣ್ಣ ಮರಳು ಬೆರೆಸಿಕೊಟ್ಟರು. ಮರಳು ಸೇರಿದರೆ ಹಿಡಿ ದೊಡ್ಡದಾಗುತ್ತದೆ, ಬೀಜ ಕಡಿಮೆ ಇಳಿಯುತ್ತದೆ. ಹೊಲದಲ್ಲಿ ಅತ್ತೆ ಬದುವಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು. ಬಿದಿರಿನ ಕೊಳವೆಯಲ್ಲಿ ಬೀಜ ಇಳಿಯುವಾಗ ಸಣ್ಣಗೆ ಸರಸರ ಸದ್ದು ಬರುತ್ತದೆ. ಒಂದು ಕೊಳವೆಗೆ ಮಣ್ಣು ಕಟ್ಟಿದರೆ ಆ ಸದ್ದು ಬದಲಾಗುತ್ತದೆ. ಕೂರಿಗೆ ಅವರ ಹತ್ತಿರ ಬಂದಾಗ ‘ಎಡಗಡೆದು ಕಟ್ಟೈತೆ, ನಿಲ್ಸಿ’ ಎನ್ನುತ್ತಿದ್ದರು. ಕಡ್ಡಿ ಹಾಕಿ ನೋಡಿದರೆ ಸರಿಯಾಗಿ ಅದೇ ಕೊಳವೆ! ಕೊಳವೆ ಕಟ್ಟಿದ್ದು ಆಗ ಗೊತ್ತಾಗದಿದ್ದರೆ ವಾರ ಕಳೆದು ಪೈರು ಹುಟ್ಟಿದ ಮೇಲೆ ಉದ್ದಕ್ಕೂ ಖಾಲಿ ಸಾಲು ಕಾಣುತ್ತದೆ. ದಾರಿಯಲ್ಲಿ ಹೋಗುವವರೆಲ್ಲ ಬೀಜ ಬಿಟ್ಟವರು ಯಾರು ಎಂದು ಕೇಳುತ್ತಾರೆ.

ಕೂರಿಗೆಯ ಹಿಂದೆ ಸಡ್ಡೆ ಬರುತ್ತದೆ. ಒಂದೇ ಕೊಳವೆ, ಅದರಲ್ಲಿ ಅಕ್ಕಡಿ ಕಾಳು, ಅಂದರೆ ರಾಗಿಯ ನಡುವೆ ಬೆಳೆಯುವ ಬೇರೆ ಬೆಳೆಯ ಬೀಜ. ಕೆಲವು ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ತೊಗರಿ, ಅಲ್ಲಲ್ಲಿ ಹುಚ್ಚೆಳ್ಳು, ಹೊಲದ ಅಂಚಿಗೆ ಹರಳು. ಅಕ್ಕಡಿ ಇಲ್ಲದ ಹೊಲ ಅತ್ತೆಗೆ ಹೊಲವೇ ಅಲ್ಲ. ನನಗೂ ಈಗ ಹಾಗೇ ಅನ್ನಿಸುತ್ತದೆ. ಮಳೆ ಕೈಕೊಟ್ಟರೆ ಯಾವುದಾದರೂ ಒಂದು ಕೈ ಹಿಡಿಯುತ್ತದೆ. ಕಾಳಿನ ಬೆಳೆಯ ಬೇರು ನೆಲಕ್ಕೂ ಸಾರ ಕೊಡುತ್ತದೆ. ಹುಚ್ಚೆಳ್ಳು ಹೂವಿಗೆ ಜೇನು ಬರುತ್ತವೆ. ರಾಗಿ ಕೊಯ್ದ ಮೇಲೂ ತೊಗರಿ ನಿಂತಿರುತ್ತದೆ. 2023ರಲ್ಲಿ ಮಳೆ ಹೋಯಿತು, ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಆ ವರ್ಷವೇ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ. ನಮ್ಮ ರಾಗಿ ತೆನೆ ಕಟ್ಟದೆ ಮೇವಾಯಿತು. ಅವರೆ ಸಾಲು ಮಾತ್ರ ಚಳಿಗೆ ಚೇತರಿಸಿಕೊಂಡು ಮನೆಗಾಗುವಷ್ಟು ಕಾಯಿ ಕೊಟ್ಟಿತು. ಬಿತ್ತುವ ದಿನ ಸಡ್ಡೆ ಬೇಡ, ಹೊತ್ತಾಯ್ತು ಎಂದಿದ್ದರೆ ಅದೂ ಇರುತ್ತಿರಲಿಲ್ಲ.

ಪೈರು ಹುಟ್ಟಿ ಎರಡು ಮೂರು ವಾರಕ್ಕೆ ಹಲುಬೆ ಹೊಡೆಯುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಸಂಕಟವಾಯಿತು. ಸಾಲಿಗೆ ಅಡ್ಡಲಾಗಿ ಹಲ್ಲಿನ ಹಲುಬೆ ಎಳೆದರೆ ಎಷ್ಟೋ ಪೈರು ಕಿತ್ತು ಬರುತ್ತವೆ. ಉಳಿದವು ನೆಲಕ್ಕೆ ಒರಗಿ, ಮಣ್ಣು ಮೆತ್ತಿಕೊಂಡು, ಹೊಲ ಹಾಳಾದ ಹಾಗೆ ಕಾಣುತ್ತದೆ. ಒಂದು ಮಳೆ ಬಿದ್ದು ಕೆಲವು ದಿನ ಕಳೆಯಲಿ, ನೋಡಿ. ಒರಗಿದ್ದು ಎದ್ದು ನಿಲ್ಲುತ್ತದೆ, ಬುಡದಲ್ಲಿ ಎರಡು ಮೂರು ತೆಂಡೆ ಒಡೆದಿರುತ್ತದೆ.

ಶಾಲೆಯ ಮಾತು ಇಲ್ಲೇ ಬರಬೇಕು. ನಮ್ಮ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಅದರಲ್ಲಿ ಅ ಆ ಇ ಈ ಎಂದು ಪೂರ್ತಿ ವರ್ಣಮಾಲೆ ಮೊದಲೇ ಸುರಿಯುವುದಿಲ್ಲ. ರ, ಗ, ಸ, ದ, ಅ. ಇಷ್ಟೇ ಮೊದಲು. ಐದು ಅಕ್ಷರ ಕೊಟ್ಟು ಸುಮ್ಮನಿದ್ದರೆ ಮಗು ಅರಸ, ಅಗಸ, ಸರ, ದರ ಎಂದು ಕೂಡಿಸತೊಡಗುತ್ತದೆ. ಗರಗಸ ಓದಿದ ದಿನ ಅದರ ಮುಖ ನೋಡಬೇಕು! ಹೊಲದಲ್ಲಿ ತೆಂಡೆ ನೋಡಿದ ಮೇಲೆ ನನಗೆ ಈ ಐದು ಅಕ್ಷರದ ಜಾಣತನ ಇನ್ನೂ ಚೆನ್ನಾಗಿ ಅರ್ಥವಾಯಿತು. ಅಕ್ಷರದ ನಡುವೆ ಜಾಗ ಬಿಟ್ಟಿದ್ದಾರೆ. ಆ ಜಾಗದಲ್ಲಿ ಮಗು ತಾನೇ ಒಡೆಯುತ್ತದೆ.

ಆದರೆ ಹೆತ್ತವರಿಗೆ ಭಯ. ‘ಮಿಸ್, ಪಕ್ಕದ ಕಾನ್ವೆಂಟಿನ ಮಗು ಎಬಿಸಿಡಿ ಪೂರ್ತಿ ಬರೀತದೆ, ನಮ್ಮೋನು ಇನ್ನೂ ಐದು ಅಕ್ಷರದಲ್ಲೇ ಇದ್ದಾನೆ’ ಎಂದು ಬಂದು ನಿಲ್ಲುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಹುಟ್ಟದೇ ಹೋದರೆ ಎಂಬ ಭಯ ನನ್ನ ಮುಷ್ಟಿಯಲ್ಲೂ ಇತ್ತಲ್ಲ. ಅವರಿಗೆ ರಾಗಿಯ ಮಾತಲ್ಲೇ ಹೇಳುತ್ತೇನೆ. ‘ಎಕರೆಗೆ ಹತ್ತು ಕಿಲೋ ಬಿತ್ತೀರಾ ಅಣ್ಣ?’ ಎಂದು ಕೇಳುತ್ತೇನೆ. ‘ಅಯ್ಯೋ, ಒತ್ತಾಗಿ ಹೋಗ್ತದಲ್ಲ ಮಿಸ್’ ಎನ್ನುತ್ತಾರೆ. ಮುಂದಿನದು ಅವರಿಗೇ ಅರ್ಥವಾಗುತ್ತದೆ. ಎಲ್ಲರಿಗೂ ಅಲ್ಲ, ಕೆಲವರಿಗೆ.

ಈ ಹೋಲಿಕೆ ಕೊನೆಯವರೆಗೂ ನಡೆಯುವುದಿಲ್ಲ ಎಂಬುದೂ ನನಗೆ ಗೊತ್ತು. ಹಲುಬೆಗೆ ಕಿತ್ತು ಹೋದ ಪೈರು ಹೋಯಿತು, ಅದರ ಬಗ್ಗೆ ರೈತ ಯೋಚಿಸುವುದಿಲ್ಲ. ಶಾಲೆಯಲ್ಲಿ ಹಾಗೆ ಒಂದನ್ನೂ ಬಿಡುವ ಹಾಗಿಲ್ಲ. ನೂರರಲ್ಲಿ ಎಪ್ಪತ್ತೈದು ಬಂದರೆ ಸಾಕು ಎನ್ನುವುದು ಬೀಜಕ್ಕೆ ಸರಿ, ಮಕ್ಕಳಿಗಲ್ಲ. ಗೋಣಿ ತುಂಡಿನ ಮುಂದೆ ನಿಂತು ‘ಸತ್ತೋಯ್ತಾ ಮಿಸ್’ ಎಂದು ಕೇಳಿದ ಹುಡುಗಿಯೇ ಆ ವರ್ಷ ಓದಿನಲ್ಲಿ ತುಂಬ ಹಿಂದಿದ್ದವಳು. ಅವಳಿಗೆ ಅಕ್ಷರ ಕೂಡಿಸಲು ಬಂದದ್ದು ಮುಂದಿನ ವರ್ಷ. ವೇದಿಕೆಯ ಮೇಲೆ ಬೀಜದ ಮಾತಾಡುವವರು ಬಿತ್ತುವುದನ್ನಷ್ಟೇ ಹೇಳಿ ಇಳಿಯುತ್ತಾರೆ. ಆರಿಸುವುದು, ಹದ ಕಾಯುವುದು, ಕೈ ಬಿಗಿ ಹಿಡಿಯುವುದು, ಹುಟ್ಟಿದ ಮೇಲೆ ಎಡೆ ಹೊಡೆಯುವುದು, ಇದೆಲ್ಲ ಅವರ ಭಾಷಣದಲ್ಲಿ ಬರುವುದಿಲ್ಲ. ನಮ್ಮ ಕೆಲಸದ ಮುಕ್ಕಾಲು ಪಾಲು ಇರುವುದು ಅಲ್ಲೇ.

ಈಗ ಊರಲ್ಲಿ ಟ್ರ್ಯಾಕ್ಟರ್ ಕೂರಿಗೆ ಜಾಸ್ತಿ. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟರೆ ಬೇಗ ಬಿತ್ತಿ ಮುಗಿಸುತ್ತಾರೆ. ಆಳು ಸಿಗದ ಕಾಲದಲ್ಲಿ ಅದನ್ನು ಬೇಡ ಎನ್ನುವುದು ಸುಲಭವಲ್ಲ. ಚೆನ್ನಾಗಿ ಹೊಂದಿಸಿಕೊಂಡರೆ ಅದೂ ಒಳ್ಳೆಯ ಸಾಲೇ ಬಿಡುತ್ತದೆ. ನಮ್ಮದೇ ದೊಡ್ಡ ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತದೆ. ಮನೆ ಹತ್ತಿರದ ಸಣ್ಣ ಹೊಲವನ್ನು ಮಾತ್ರ ಎತ್ತಿನ ಕೂರಿಗೆಗೆ ಉಳಿಸಿಕೊಂಡಿದ್ದೇವೆ, ಮುಖ್ಯವಾಗಿ ಅಕ್ಕಡಿಗಾಗಿ. ಮುಂದಿನ ವರ್ಷದ ಬೀಜದ ತೆನೆ ಆರಿಸುವುದೂ ಅದೇ ಹೊಲದಲ್ಲಿ.

ಈ ಸಲದ ಬಿತ್ತನೆಯಲ್ಲಿ ಕೂರಿಗೆಯ ದಿಂಡು ಸೀಳು ಬಿಟ್ಟಿದೆ. ಪಕ್ಕದೂರಿನ ಆಚಾರ್ರನ್ನು ಕೇಳಿದೆವು. ಬಟ್ಟಲು ಕೊರೆದು ತೂತು ಸರಿಯಾಗಿ ಕೂರಿಸುವ ಕೆಲಸ ಗೊತ್ತಿರುವವರು ಈಗ ಸುತ್ತಮುತ್ತ ಅವರೊಬ್ಬರೇ. ವಯಸ್ಸಾಗಿದೆ, ಆದರೂ ಮಾಡಿಕೊಡುತ್ತೇನೆ ಎಂದಿದ್ದಾರೆ. ಒಣಗಿದ ಜಾಲಿ ಮರ ನೀವೇ ತರಬೇಕು, ಹಸಿ ಮರ ತಂದರೆ ಮುಟ್ಟುವುದಿಲ್ಲ ಎಂದರು. ಬದುವಿನ ಜಾಲಿಯ ಒಂದು ದಪ್ಪ ಕೊಂಬೆ ಕಡಿಸಿ ಕೊಟ್ಟಿಗೆ ಹಿಂದೆ ನೆರಳಿಗೆ ಹಾಕಿದ್ದೇವೆ. ಕೊಯ್ಲು ಮುಗಿದ ಮೇಲೆ ಅದನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಬೇಕು. ಅವರು ಬಟ್ಟಲು ಕೊರೆಯುವಾಗ ಪಕ್ಕದಲ್ಲಿ ಕೂತು ನೋಡುವುದಕ್ಕೆ ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಬರಲಾ ಎಂದು ಕೇಳಿದ್ದೇನೆ. ಕರ್ಕೊಂಡು ಬನ್ನಿ ಮೇಡಂ, ಆದ್ರೆ ಉಳಿ ಮುಟ್ಟದಂಗೆ ನೋಡ್ಕಳಿ ಎಂದರು.